84ರಿಂದ 96ಕ್ಕೆ: ನಮ್ಮ ಗ್ಯಾರೇಜಿನ ಒಂಬತ್ತು ಚಳಿಗಾಲ

2024ರ ಜುಲೈ. ಆಫೀಸಿನಲ್ಲಿ ಮೀಟಿಂಗ್ ನಡೆದಿತ್ತು. ಮಗನ ಫೋನ್ ಬಂತು, ಎತ್ತಲಿಲ್ಲ. ಮತ್ತೆ ಬಂತು. ಹೊರಗೆ ಬಂದು ಎತ್ತಿದೆ. "ಅಪ್ಪ, ನನ್ನ ಕಾಂಟ್ರ್ಯಾಕ್ಟ್ ತಗೊಂಡ್ರು. ನಾಳೆ ಬೆಳಿಗ್ಗೆನೇ ಅರಿಜೋನಾ ಫ್ಲೈಟು" ಅಂದ. ನನಗೆ ಬೇರೆ ಮಾತೇ ಹೊರಡಲಿಲ್ಲ. "ಸ್ಪೈಕ್ಸ್ ಎರಡು ಜೊತೆ ಇಟ್ಕೊಂಡಿದೀಯಾ?" ಅಂತ ಕೇಳಿದೆ. ಆಮೇಲೆ ಪಾರ್ಕಿಂಗಿಗೆ ಹೋಗಿ ಕಾರಿನಲ್ಲಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಆಗ ಅವನಿಗೆ 24 ವರ್ಷ. 2018ರಲ್ಲಿ ಒಹಾಯೊದ ಒಂದು ಸಣ್ಣ ಡಿವಿಷನ್ ತ್ರೀ (ಕಾಲೇಜು ಆಟದ ಮೂರನೇ ದರ್ಜೆ) ಕಾಲೇಜಿಗೆ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವವನಾಗಿ ಸೇರಿದಾಗ ಅವನ ಫಾಸ್ಟ್‌ಬಾಲ್ ಗಂಟೆಗೆ 84 ಮೈಲಿ. ಅಮೆರಿಕದ ಅತಿ ದೊಡ್ಡ ಲೀಗಾದ ಮೇಜರ್ ಲೀಗಿನ ತಂಡವೊಂದು ಅವನನ್ನು ತೆಗೆದುಕೊಂಡ ವಾರ 96. ಈ 12 ಮೈಲಿ ಎಲ್ಲಿಂದ ಬಂತು ಅಂತ ಇಲ್ಲಿನ ಕನ್ನಡ ಮನೆಗಳಿಂದ ಈಗ ವಾರಕ್ಕೆ ಎರಡು ಫೋನ್ ಬರುತ್ತವೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನಿಸಿತು. ನಿಮ್ಮ ಮನೆಯಲ್ಲೂ ಪಿಚರ್ ಇದ್ದಾನೆ, ಟ್ರಾವೆಲ್ ಬಾಲ್‌ಗೆ (ಊರೂರು ಸುತ್ತಿ ಆಡುವ ಖಾಸಗಿ ಟೀಮುಗಳಿಗೆ) ದುಡ್ಡು ಸುರಿದಿದ್ದೀರಿ ಅಂದುಕೊಂಡೇ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಓದಿದ ಎಸ್‌ಜೆಸಿಇಯಲ್ಲೇ ಓದಿದ್ದು. ನಾನೂ ಕಾಲೇಜು ಟೀಮಿಗೆ ಫಾಸ್ಟ್ ಬೌಲಿಂಗ್ ಮಾಡುತ್ತಿದ್ದೆ. ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ತೆಗೆದ ನಮ್ಮೂರ ಹುಡುಗನ ಬೌಲಿಂಗ್ ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ವಿಷಯ ಕೂತುಬಿಟ್ಟಿತ್ತು. ವೇಗ ಕೈಯಿಂದ ಬರುವುದಿಲ್ಲ. ಮುಂಗಾಲಿನಿಂದ ಬರುತ್ತದೆ. ಓಡಿ ಬಂದ ಮೈಯನ್ನು ಮುಂಗಾಲು ಗಕ್ಕನೆ ತಡೆದು ನಿಲ್ಲಿಸಬೇಕು. ಆಗ ಸೊಂಟ, ಎದೆ, ಭುಜ ಒಂದರ ಹಿಂದೆ ಒಂದು ಚಿಮ್ಮುತ್ತವೆ. ಮುಂಗಾಲು ಕುಸಿದರೆ ಆ ಜೋರೆಲ್ಲ ನೆಲಕ್ಕೆ ಹೋಯಿತು.

ಬೇಸ್‌ಬಾಲಿಗೂ ಇದೇ ಸತ್ಯ ಅಂತ ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಟ್ರಾವೆಲ್ ಟೀಮಿನ ಕೋಚ್, ಹೈಸ್ಕೂಲ್ ಕೋಚ್, ಆಮೇಲೆ ಕಾಲೇಜಿನವರು, ಎಲ್ಲರದೂ ಒಂದೇ ಮಾತು: ಇದು ಕ್ರಿಕೆಟ್ ಅಲ್ಲ. ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದರೆ, "ಸಾರ್, ಹುಡುಗ ಚೆನ್ನಾಗಿ ಓದ್ತಾನೆ, ಇಂಜಿನಿಯರಿಂಗ್ ಮಾಡ್ಲಿ ಬಿಡಿ" ಅನ್ನುತ್ತಿದ್ದರು. ಅವನು ಮೆಕ್ಯಾನಿಕಲ್ ಇಂಜಿನಿಯರಿಂಗನ್ನೂ ಮಾಡಿ ಮುಗಿಸಿದ ಅನ್ನುವುದು ಬೇರೆ ವಿಷಯ.

ನನ್ನ ಮೊದಲ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. 2016-17ರ ಚಳಿಗಾಲ ಪೂರ್ತಿ ಅವನಿಗೆ ಬೌಲರ್ ಥರ ಮುಂಗಾಲನ್ನು ನೆಟ್ಟಗೆ ಇಟ್ಟೇ ನೆಲಕ್ಕೆ ಊರಲು ಕಲಿಸಿದೆ. ಮೂರು ತಿಂಗಳಲ್ಲಿ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು, ಬೆನ್ನು ನೋವು ಶುರುವಾಯಿತು. ವೇಗ ಒಂದು ಮೈಲಿಯೂ ಏರಲಿಲ್ಲ. ಬೌಲರ್ ಸಮತಟ್ಟು ನೆಲದ ಮೇಲೆ ಓಡಿ ಬರುತ್ತಾನೆ. ಪಿಚರ್ 10 ಇಂಚು ಎತ್ತರದ ಮೌಂಡಿನಿಂದ (ಮಣ್ಣಿನ ದಿಬ್ಬದಿಂದ) ಇಳಿಜಾರಿಗೆ ಹೆಜ್ಜೆ ಇಡುತ್ತಾನೆ. ಅವನ ಮಂಡಿ ಬಗ್ಗಿಯೇ ಬೀಳಬೇಕು, ಬಿದ್ದ ಮೇಲೆ ನೆಟ್ಟಗಾಗಬೇಕು. ಬೀಳುವುದು ಒಂದು ಕೆಲಸ, ನೆಟ್ಟಗಾಗುವುದು ಇನ್ನೊಂದು. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಒಂದು ಚಳಿಗಾಲ ಅಲ್ಲಿಗೆ ಹೋಯಿತು.

ಅದು ಹೊಳೆದದ್ದು ಫೋನಿನ ಸ್ಲೋ ಮೋಷನ್ ವಿಡಿಯೋದಿಂದ. ಸೆಕೆಂಡಿಗೆ 240 ಫ್ರೇಮ್ ಇಟ್ಟು ಪಕ್ಕದಿಂದ ತೆಗೆಯಿರಿ. ಪಾದ ನೆಲಕ್ಕೆ ಬಿದ್ದ ಫ್ರೇಮ್ ಒಂದು, ಚೆಂಡು ಕೈ ಬಿಡುವ ಫ್ರೇಮ್ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಹುಡುಗನದರಲ್ಲಿ ಎರಡನೇ ಫ್ರೇಮಿನಲ್ಲಿ ಮಂಡಿ ಮೊದಲಿಗಿಂತ ಜಾಸ್ತಿ ಬಗ್ಗಿತ್ತು, ಅಂದರೆ ಕಾಲು ಕುಸಿಯುತ್ತಿತ್ತು. ಟಿವಿಯಲ್ಲಿ ಬರುವ ಜೋರು ಎಸೆಯುವ ಪಿಚರ್‌ಗಳ ವಿಡಿಯೋ ನಿಲ್ಲಿಸಿ ನೋಡಿ, ಹೆಚ್ಚಿನವರ ಮಂಡಿ ನೆಟ್ಟಗಾಗುತ್ತಾ ಇರುತ್ತದೆ. ಆ ಎರಡು ಫ್ರೇಮನ್ನು ಪ್ರಿಂಟ್ ತೆಗೆದು ಗ್ಯಾರೇಜಿನ ಗೋಡೆಗೆ ಅಂಟಿಸಿದೆ. ಈಗಲೂ ಅಲ್ಲೇ ಇವೆ.

ಗ್ಯಾರೇಜಿನ ಖರ್ಚು ಎಲ್ಲರೂ ಕೇಳುತ್ತಾರೆ. ಅಂಗಡಿಯ ಪೋರ್ಟಬಲ್ ಮೌಂಡಿಗೆ ಆಗ 1,200 ಡಾಲರ್ ಹೇಳಿದರು. ನಾನು ಮುಕ್ಕಾಲು ಇಂಚಿನ ಪ್ಲೈವುಡ್ ತಂದು, ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟು, ಮೇಲೆ ಹಳೆ ಟರ್ಫ್ ಅಂಟಿಸಿ, 280 ಡಾಲರ್ ಒಳಗೆ ಮಾಡಿದೆ. ಬಲೆ 150. ವೇಗ ಅಳೆಯುವ ಪಾಕೆಟ್ ರೇಡಾರ್ ಸುಮಾರು 400. ಸ್ಕ್ವಾಟ್ ರ‍್ಯಾಕ್, ಬಾರ್, ಪ್ಲೇಟು ಎಲ್ಲ ಸೆಕೆಂಡ್ ಹ್ಯಾಂಡ್, 550ರ ಆಸುಪಾಸು. ರ‍್ಯಾಪ್ಸೋಡೊ (ಎಸೆತದ ವೇಗ, ತಿರುಗುವಿಕೆ ಅಳೆಯುವ ಯಂತ್ರ) ಮಾತ್ರ ದುಬಾರಿ. ಮೂರು ಮನೆಯವರು ಸೇರಿ ಹಳೆಯದೊಂದನ್ನು ಕೊಂಡೆವು, ನಮ್ಮ ಪಾಲಿಗೆ 900 ಬಂತು. ಬಲೆ ವರ್ಷಕ್ಕೊಂದು ಹರಿಯುತ್ತದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇವೆಲ್ಲ ಸೇರಿದರೂ ಒಂದು ವರ್ಷದ ಟ್ರಾವೆಲ್ ಬಾಲ್ ಖರ್ಚಿಗಿಂತ ಕಮ್ಮಿ. ಟೀಮ್ ಫೀಸು 3,500, ಹೋಟೆಲು, ಪೆಟ್ರೋಲು ಸೇರಿ ಇನ್ನೊಂದು ಅಷ್ಟೇ. ಅದರ ಮೇಲೆ ಶೋಕೇಸ್, ಅಂದರೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಮುಂದೆ ಎಸೆದು ತೋರಿಸುವುದು. ಒಂದು ಶೋಕೇಸಿಗೆ 700 ಡಾಲರ್ ಕಟ್ಟಿ, ಆರು ಗಂಟೆ ಡ್ರೈವ್ ಮಾಡಿ ಹೋದೆವು. ಅವನು ಎಸೆದದ್ದು 12 ಪಿಚ್ (ಎಸೆತ). ನೋಡಿದವರು ಇಬ್ಬರು, ಅದರಲ್ಲಿ ಒಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ಅವತ್ತು ವಾಪಸ್ ಬರುವಾಗ ತೀರ್ಮಾನ ಮಾಡಿದೆ. ವೇಗ 90 ದಾಟುವವರೆಗೂ ಇನ್ನು ಶೋಕೇಸ್ ಇಲ್ಲ. ಆ ದುಡ್ಡು ಗ್ಯಾರೇಜಿಗೆ, ಊಟಕ್ಕೆ. ನನ್ನ ಅತ್ಯಂತ ಒಳ್ಳೆಯ ನಿರ್ಧಾರ ಅದು.

ಇನ್ನು ವಿಧಾನ. ನವೆಂಬರಿನಿಂದ ಫೆಬ್ರವರಿವರೆಗೆ ವಾರಕ್ಕೆ ಎರಡು ದಿನ ಮಾತ್ರ ಜೋರು, ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಮೌಂಡಿನ ಮೇಲಿಂದ ಅಲ್ಲ. ಓಡಿ ಬಂದು ಎಸೆಯುವುದು. ನಮ್ಮ ರನ್ ಅಪ್ ಥರವೇ, ನಾಲ್ಕೈದು ಹೆಜ್ಜೆ, ಕೊನೆಗೆ ಮುಂಗಾಲು ಊರಿ ಬಲೆಗೆ. ಇಲ್ಲಿ ಇದಕ್ಕೆ ಪುಲ್‌ಡೌನ್ ಅನ್ನುತ್ತಾರೆ. ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿರುವ ಡ್ರೈವ್‌ಲೈನ್ ತರಬೇತಿ ಕೇಂದ್ರದವರು ತೂಕದ ಚೆಂಡುಗಳ ಜೊತೆ ಇದನ್ನು ಎಲ್ಲ ಕಡೆ ಹರಡಿದರು. ಆದರೆ ನಮ್ಮ ಹುಡುಗನಿಗೆ ಇದು ಹೊಸದಾಗಿ ಕಾಣಲೇ ಇಲ್ಲ. ಹಿತ್ತಲಿನಲ್ಲಿ ನನ್ನ ಜೊತೆ ಟೆನ್ನಿಸ್ ಬಾಲಿನಲ್ಲಿ ಬೌಲಿಂಗ್ ಮಾಡಿ ಬೆಳೆದವನು. ಓಡುವಾಗ ಮುಂಗಾಲು ತಾನಾಗೇ ಗಟ್ಟಿ ನಿಲ್ಲುತ್ತದೆ, ಇಲ್ಲದಿದ್ದರೆ ಮುಗ್ಗರಿಸುತ್ತೀರಿ. ಬಾಯಲ್ಲಿ ಸಾವಿರ ಸಲ ಹೇಳಿದರೂ ಮೈಗೆ ಬಾರದ್ದು ಓಟದಿಂದ ಬಂತು. ಒಂದು ದಿನಕ್ಕೆ 10-12 ಎಸೆತ, ಅದಕ್ಕಿಂತ ಜಾಸ್ತಿ ಇಲ್ಲ. ಪ್ರತಿಯೊಂದಕ್ಕೂ ರೇಡಾರ್.

ನಮ್ಮ ಲೆಕ್ಕದಲ್ಲಿ ಓಡಿ ಎಸೆದ ವೇಗದಲ್ಲಿ ಆರು ಮೈಲಿ ಕಳೆದರೆ ಮುಂದಿನ ವಸಂತದಲ್ಲಿ ಮೌಂಡಿನ ಮೇಲೆ ಸಿಗುವ ವೇಗ. ಓಟದಲ್ಲಿ 92 ಬಂದ ವರ್ಷ ಮೌಂಡಿನಲ್ಲಿ 86. ಓಟದಲ್ಲಿ 97 ಬಂದ ವರ್ಷ 91. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ, ನಮಗೆ ನಾಲ್ಕು ವರ್ಷ ಹೀಗೇ ಆಯಿತು.

ಈ ದಿನಗಳ ಮುಂಚೆ ಮೈ ಬಿಸಿ ಮಾಡುವ ಕ್ರಮವೊಂದಿದೆ. ಮೂರು ವ್ಯಾಯಾಮ, ಒಂದು ನಿರ್ದಿಷ್ಟ ಸರದಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಗ ಇನ್ನೂ ಆಡುತ್ತಿದ್ದಾನೆ, ಅವನ ಕಸುಬು ಅದು. ಅವನು ನಿವೃತ್ತನಾದ ಮೇಲೆ ಅವನೇ ಹೇಳಲಿ.

ಕಾಲೇಜಿನ ಮೊದಲ ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. 2019ರ ವಸಂತ. 20-21 ಇನ್ನಿಂಗ್ಸ್ (ಮೂರು ಔಟಿಗೆ ಒಂದು), ಅದರಲ್ಲಿ ವಾಕ್ (ನಾಲ್ಕು ಎಸೆತ ಗುರಿಯಾಚೆ ಹೋಗಿ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) 24. ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಕೊಟ್ಟ ಸರಾಸರಿ ರನ್) 8ರ ಹತ್ತಿರ. ಒಂದು ಪಂದ್ಯದಲ್ಲಿ ಮೊದಲ ನಾಲ್ಕು ಬ್ಯಾಟರ್‌ಗಳಿಗೂ ವಾಕ್ ಕೊಟ್ಟ. ಮೌಂಡಿನಿಂದ ಇಳಿದು ಬಂದು ಡಗೌಟಿನ ಕೊನೆಯಲ್ಲಿ ಟವೆಲ್ ಮುಚ್ಚಿ ಕೂತಿದ್ದ. ನಾನೂ ಹೆಂಡತಿಯೂ ಬೇಲಿಯ ಆಚೆ. ಅವಳು, "ರೀ, ಅವನಿಗೆ ಇಷ್ಟ ಇದ್ಯಾ, ಇಲ್ಲ ನಿಮಗಿಷ್ಟ ಅಂತ ಆಡ್ತಿದಾನಾ, ಕೇಳಿ ನೋಡಿ" ಅಂದಳು. ಆ ರಾತ್ರಿ ಕೇಳಿದೆ. "ನನಗೇ ಇಷ್ಟ ಅಪ್ಪ. ಆದ್ರೆ ಚೆಂಡು ಎಲ್ಲಿ ಹೋಗುತ್ತೆ ಅಂತ ಗೊತ್ತಾಗ್ತಿಲ್ಲ" ಅಂದ.

ಕಾರಣ ನಾನೇ. ಹಿಂದಿನ ಚಳಿಗಾಲ 7 ಔನ್ಸ್, 9 ಔನ್ಸ್ ಚೆಂಡು, 2 ಪೌಂಡಿನ ಪ್ಲಯೋ (ಗೋಡೆಗೆ ಎಸೆಯುವ ಮೆತ್ತನೆ ಭಾರದ ಚೆಂಡು), ಎಲ್ಲ ಒಂದೇ ಸಲ ಶುರು ಮಾಡಿಸಿದ್ದೆ. ಭಾರ ಜಾಸ್ತಿಯಾಗಿ ಕೈ ದಾರಿ ತಪ್ಪಿತು. ಆಮೇಲೆ ಭಾರದ ಚೆಂಡೆಲ್ಲ ಡಬ್ಬಕ್ಕೆ ಹಾಕಿಟ್ಟು, ಒಂದೇ ಒಂದನ್ನು ಇಟ್ಟುಕೊಂಡೆವು. ಏನು ಗೊತ್ತಾ? ಕ್ರಿಕೆಟ್ ಚೆಂಡು! ಬೇಸ್‌ಬಾಲ್ 5ರಿಂದ 5.25 ಔನ್ಸ್. ಕ್ರಿಕೆಟ್ ಚೆಂಡು 5.5ರಿಂದ 5.75. ಹತ್ತಿರ ಹತ್ತಿರ ಶೇ 10 ಭಾರ. ಅಳತೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ, ಕೈಗೆ ಅಪರಿಚಿತ ಅನಿಸುವುದಿಲ್ಲ. ಮೈಸೂರಿನಿಂದ ಬರುವಾಗ ಅಮ್ಮ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆ ಆರು ಲೆದರ್ ಬಾಲ್ ತಂದರು. ಆ ಆರರಲ್ಲೇ ಎರಡು ಚಳಿಗಾಲ ಕಳೆಯಿತು.

ಅಮ್ಮ ಬಂದದ್ದು 2020ರ ಜನವರಿಯಲ್ಲಿ, ಮೂರು ತಿಂಗಳಿಗೆ ಅಂತ. ಮಾರ್ಚ್ 12ಕ್ಕೆ ಕೋವಿಡ್‌ನಿಂದಾಗಿ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಆ ವಸಂತದ ಚಾಂಪಿಯನ್‌ಷಿಪ್‌ಗಳನ್ನೆಲ್ಲ ರದ್ದು ಮಾಡಿತು. ಮಗ ಹಾಸಿಗೆ, ಪುಸ್ತಕ ಎತ್ತಿಕೊಂಡು ಮನೆಗೆ ಬಂದ. ವಿಮಾನ ನಿಂತವು, ಅಮ್ಮ ಇಲ್ಲೇ ಉಳಿದರು. ಎಲ್ಲರಿಗೂ ಕಷ್ಟದ ಕಾಲ ಅದು. ಆದರೆ ಅವನ ಬದುಕು ತಿರುಗಿದ್ದು ಆ ಏಳು ತಿಂಗಳಲ್ಲಿ. ಪಂದ್ಯ ಇಲ್ಲ, ಬಸ್ ಪ್ರಯಾಣ ಇಲ್ಲ. ತಿನ್ನು, ಎತ್ತು, ಎಸೆ, ಮಲಗು.

ಆಗ ಅವನ ತೂಕ 71 ಕೆಜಿ, ಎತ್ತರ 6 ಅಡಿ 1 ಇಂಚು. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ. ನಮ್ಮದು ಮಾಂಸ ತಿನ್ನದ ಮನೆ. ಇಲ್ಲಿನ ಟ್ರೇನರ್‌ಗಳು ದಿನಾ ಚಿಕನ್ ತಿನ್ನದೆ ತೂಕ ಏರುವುದಿಲ್ಲ ಅಂತ ಕಡ್ಡಿ ಮುರಿದಂತೆ ಹೇಳಿದ್ದರು. ಅಮ್ಮ ಕೇಳಲಿಲ್ಲ. ಬೆಳಿಗ್ಗೆ ಆರು ಇಡ್ಲಿ, ಮೇಲೆ ತುಪ್ಪ. ಹನ್ನೊಂದಕ್ಕೆ ಕಡಲೆಕಾಯಿ, ಬಾಳೆಹಣ್ಣು, ಹಾಲು ಮಿಕ್ಸಿಗೆ ಹಾಕಿದ್ದು. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಬಸ್ಸಾರು. ಸಂಜೆ ಪನೀರ್. ರಾತ್ರಿ ಮತ್ತೆ ಅನ್ನ, ಬೇಳೆ, ಮೊಸರು. ಮಧ್ಯೆ ವೇ ಪ್ರೋಟೀನ್ ಎರಡು ಲೋಟ. ಮೊಟ್ಟೆ ಮಾತ್ರ ಅವನು ಗ್ಯಾರೇಜಿನ ಇಂಡಕ್ಷನ್ ಸ್ಟೋವಿನಲ್ಲಿ ಬೇಯಿಸಿಕೊಳ್ಳುತ್ತಿದ್ದ, ಅಜ್ಜಿಗೆ ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇದ್ದರು. ಅಕ್ಟೋಬರ್ ಹೊತ್ತಿಗೆ 83 ಕೆಜಿ. ಈಗ 92.

ಅಮ್ಮನಿಗೆ ಇನ್ನೊಂದು ಕೆಲಸವೂ ಇತ್ತು. ಬಲೆಯ ಪಕ್ಕ, ಮರದ ಹಲಗೆಯ ಹಿಂದೆ, ಪ್ಲಾಸ್ಟಿಕ್ ಕುರ್ಚಿ. ಶಾಲು ಹೊದ್ದು ಕೂರುತ್ತಿದ್ದರು. ಕಿವಿಗೆ ಹತ್ತಿ, ಕನ್ನಡಕ ಮೂಗಿನ ತುದಿಗೆ, ತೊಡೆಯ ಮೇಲೆ ರೇಡಾರಿನ ಫೋನು. ಚೆಂಡು ಬಲೆಗೆ ಬಿದ್ದ ತಕ್ಷಣ ಓದಿ ಹೇಳಬೇಕು. "ಎಂಬತ್ತಾರು." "ಎಂಬತ್ತೇಳು." "ಇದು ಬರೀ ಎಂಬತ್ನಾಕು ಕಣೋ, ಸುಸ್ತಾಯ್ತಾ ಪುಟ್ಟ?" ಅವನು ಹಲ್ಲು ಕಚ್ಚಿ ಮತ್ತೆ ಓಡಿ ಬರುತ್ತಿದ್ದ. ಕೋಚ್ ಹೇಳಿದರೆ ಕೇಳಿಸಿಕೊಳ್ಳದ ಹುಡುಗ, ಅಜ್ಜಿ "ಸುಸ್ತಾಯ್ತಾ" ಅಂದರೆ ಮುಂದಿನದರಲ್ಲಿ ಎರಡು ಮೈಲಿ ಏರಿಸುತ್ತಿದ್ದ. ಸೆಪ್ಟೆಂಬರಿನ ಒಂದು ಸಂಜೆ ಅವರು ಸಂಖ್ಯೆ ಹೇಳಲೇ ಇಲ್ಲ. ಫೋನನ್ನು ಎತ್ತಿ ಅವನ ಕಡೆ ತಿರುಗಿಸಿ ಹಿಡಿದರು. ತೊಂಬತ್ತೈದು. ಓಡಿ ಎಸೆದದ್ದು, ಆದರೂ ತೊಂಬತ್ತೈದು!

ಆ ಕಾಲದಲ್ಲೇ ಒಂದಿಷ್ಟು ಬೇರೆ ಪ್ರಯೋಗವನ್ನೂ ಮಾಡಿದೆವು. ಚೆಂಡಿನ ಸುತ್ತ ಕಪ್ಪು ಮಾರ್ಕರಿನಿಂದ ಒಂದು ಗೆರೆ ಎಳೆದು ಎಸೆದರೆ, ಸ್ಲೋ ಮೋಷನ್ನಿನಲ್ಲಿ ಅದು ಯಾವ ಅಕ್ಷದಲ್ಲಿ ತಿರುಗುತ್ತಿದೆ ಅಂತ ಸ್ಪಷ್ಟ ಕಾಣುತ್ತದೆ. ಗೆರೆ ಅಲುಗದೆ ಕಂಡರೆ ಚೆಂಡು ಶುದ್ಧವಾಗಿ ತಿರುಗಿದೆ, ತೂಗಾಡಿದರೆ ಬೆರಳು ಪಕ್ಕಕ್ಕೆ ಜಾರಿದೆ. ಖರ್ಚು ಎರಡು ಡಾಲರ್. ಕರ್ವ್ ಬಾಲ್ (ಬಾಗಿ ಕೆಳಗಿಳಿಯುವ ಎಸೆತ) ಕಲಿಸಲು ಒಂದು ವರ್ಷ ಒದ್ದಾಡಿ ಬಿಟ್ಟೆವು, ಅವನ ಕೈಗೆ ಕೂರಲಿಲ್ಲ. ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) ಮೂರು ವಾರದಲ್ಲಿ ಬಂತು.

ಸೀಮ್ ವಿಷಯದಲ್ಲಿ ಮಾತ್ರ ನನಗೆ ಹೆಮ್ಮೆ ಇದೆ. ಹೊಲಿಗೆ ಗಾಳಿಯಲ್ಲಿ ಚೆಂಡಿನ ದಾರಿ ಬದಲಿಸುತ್ತದೆ ಅಂತ ನಮ್ಮೂರಲ್ಲಿ ಹತ್ತನೇ ಕ್ಲಾಸಿನ ಹುಡುಗನಿಗೂ ಗೊತ್ತು. ಬೇಸ್‌ಬಾಲಿನಲ್ಲಿ ಎಲ್ಲ ಚಲನೆಯನ್ನೂ ತಿರುಗುವಿಕೆಯ ಲೆಕ್ಕದಲ್ಲೇ ಹೇಳುತ್ತಿದ್ದರು. ಈಚೆಗೆ ಸೀಮ್ ಶಿಫ್ಟೆಡ್ ವೇಕ್ (ಹೊಲಿಗೆಯಿಂದ ಚೆಂಡಿನ ಹಿಂದಿನ ಗಾಳಿ ಪಕ್ಕಕ್ಕೆ ಸರಿಯುವುದು) ಅನ್ನುವ ಹೆಸರು ಬಂದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ. ನಾವು ಗ್ಯಾರೇಜಿನಲ್ಲಿ ಹೊಲಿಗೆಯನ್ನು ಹೀಗೆ ಹಾಗೆ ತಿರುಗಿಸಿ ಹಿಡಿದು, ಒಂದು ಸಿಂಕರ್ (ಕೆಳಗಿಳಿಯುವ ಜೋರು ಎಸೆತ) ಕಂಡುಕೊಂಡೆವು. ಕೊನೆಯ ಹತ್ತು ಅಡಿಯಲ್ಲಿ ಬಲಗೈ ಬ್ಯಾಟರ್‌ನ ಮೈ ಕಡೆ ನುಗ್ಗುತ್ತದೆ. ಅದರ ಹಿಡಿತವನ್ನೂ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಹೆಬ್ಬೆರಳನ್ನು ಗಮನಿಸಿ ಅಂತ ಮಾತ್ರ ಹೇಳಬಲ್ಲೆ.

ಇಷ್ಟೆಲ್ಲ ಆದ ಮೇಲೆ ಕೈ ಹೋಯಿತು.

2021ರ ಏಪ್ರಿಲ್. ಶನಿವಾರ ಕಾಲೇಜಿನ ಕೋಚ್ 118 ಪಿಚ್ ಹಾಕಿಸಿದರು. ಸೋಮವಾರ ಮತ್ತೆ ಎರಡು ಇನ್ನಿಂಗ್ಸ್ ಕರೆದರು. ಹುಡುಗ ಇಲ್ಲ ಅನ್ನಲಿಲ್ಲ, ಆ ವಯಸ್ಸಿನಲ್ಲಿ ಯಾರೂ ಅನ್ನುವುದಿಲ್ಲ. ನನ್ನದೂ ತಪ್ಪಿದೆ. ಸೀಸನ್ ನಡೆಯುವಾಗಲೂ ವಾರಕ್ಕೊಮ್ಮೆ ಓಟದ ಎಸೆತ ಬಿಡಿಸಿರಲಿಲ್ಲ. ಆ ಸೋಮವಾರ ಏಳನೇ ಪಿಚ್ ಬಿಟ್ಟವನೇ ಕೈ ಒದರಿದ. ಎಂಆರ್‌ಐಯಲ್ಲಿ ಮೊಣಕೈ ಒಳಬದಿಯ ಯುಸಿಎಲ್ ನಾರು ಸ್ವಲ್ಪ ಎಳೆದಿತ್ತು, ಪೂರ್ತಿ ಹರಿದಿರಲಿಲ್ಲ. ಮೊದಲ ಡಾಕ್ಟರ್ ಟಾಮಿ ಜಾನ್ ಸರ್ಜರಿ (ಆ ನಾರನ್ನು ಹೊಸದಾಗಿ ಕಟ್ಟುವ ಆಪರೇಷನ್) ಅಂದರು. ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ ಆಟ ಇಲ್ಲ. ಎರಡನೆಯವರು ನಾಲ್ಕೈದು ತಿಂಗಳು ಕಾದು ನೋಡೋಣ ಅಂದರು. ಕಾದೆವು. ಪಿಆರ್‌ಪಿ ಇಂಜೆಕ್ಷನ್ (ಅವನದೇ ರಕ್ತದಿಂದ ತೆಗೆದದ್ದು) 1,100 ಡಾಲರ್, ಇನ್ಶೂರೆನ್ಸ್ ಕೊಡಲಿಲ್ಲ. ಫಿಸಿಯೋ ಒಂದು ಸಲಕ್ಕೆ 60ರಂತೆ ಸುಮಾರು 40 ಸಲ.

"ಅವನ ಕೈ ಶಾಶ್ವತವಾಗಿ ಹೋದ್ರೆ ಯಾರು ಹೊಣೆ?" ಅಂತ ಹೆಂಡತಿ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಪಿಚರ್ ಜಾರ್ಡನ್ ಜಿಮ್ಮರ್‌ಮನ್ ಕಥೆ ಹೇಳಿದೆ. ವಿಸ್ಕಾನ್ಸಿನ್-ಸ್ಟೀವನ್ಸ್ ಪಾಯಿಂಟ್ ಅನ್ನುವ ಡಿವಿಷನ್ ತ್ರೀ ಕಾಲೇಜಿನವನು. 2007ರಲ್ಲಿ ಎರಡನೇ ಸುತ್ತಿನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತೆಗೆದುಕೊಂಡರು. ಟಾಮಿ ಜಾನ್ ಆಗಿಯೂ ವಾಪಸ್ ಬಂದು 2014ರಲ್ಲಿ ನೋ ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದ. "ಅದು ಅವನ ಕಥೆ. ಇವನದು ನನ್ನ ಮಗನ ಕೈ" ಅಂದಳು. ಸರಿಯಾಗೇ ಹೇಳಿದಳು.

ಆಗಸ್ಟ್ ಕೊನೆಗೆ ನೋವಿಲ್ಲದೆ ಎಸೆಯತೊಡಗಿದ. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಕಟ್ಟುನಿಟ್ಟು ನಿಯಮ. ಸೀಸನ್ನಿನಲ್ಲಿ ಓಟದ ಎಸೆತ ಪೂರ್ತಿ ಬಂದ್. 90 ಪಿಚ್ ದಾಟಿದರೆ ಐದು ದಿನ ರಜಾ, ಯಾರು ಕೇಳಿದರೂ ಇಲ್ಲ. ಎರಡನೆಯದನ್ನು ಕೋಚಿಗೆ ಅವನೇ ಹೋಗಿ ಹೇಳಿದ. ಒಂದು ಪಂದ್ಯ ಬೆಂಚಿನಲ್ಲಿ ಕೂರಿಸಿದರು. ಕೂತ.

2022ರ ವಸಂತದಲ್ಲಿ 90-91, ಒಮ್ಮೊಮ್ಮೆ 92. ಸುಮಾರು 60 ಇನ್ನಿಂಗ್ಸ್, 80ಕ್ಕೂ ಜಾಸ್ತಿ ಸ್ಟ್ರೈಕ್ ಔಟ್ (ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟಾಗುವುದು). ಹಿಂದೆ ಇದು ಕ್ರಿಕೆಟ್ ಅಲ್ಲ ಅಂದವರೇ ಬೇರೆ ಹುಡುಗರಿಗೂ ಆ ಎರಡು ಫ್ರೇಮ್ ತೋರಿಸಲು ಕೇಳಿದರು. ತೋರಿಸಿದೆ.

ಜುಲೈನಲ್ಲಿ ಡ್ರಾಫ್ಟ್, ಅಂದರೆ ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು. ಮೊದಲು 40 ಸುತ್ತು ಇತ್ತು, 2021ರಿಂದ 20ಕ್ಕೆ ಇಳಿಸಿದ್ದಾರೆ. ಎಲ್ಲ ಸೇರಿ 600ರ ಮೇಲೆ ಸ್ವಲ್ಪ ಹುಡುಗರು. ಮೂರು ದಿನ ಲ್ಯಾಪ್‌ಟಾಪ್ ಮುಂದೆ ಕೂತೆವು. ಕೊನೆಯ ದಿನ 11ರಿಂದ 20ನೇ ಸುತ್ತು ಹೆಸರುಗಳನ್ನು ಪಟಪಟ ಓದಿದರು. ಒಬ್ಬ ಸ್ಕೌಟ್ ಹಿಂದಿನ ವಾರ ಫೋನ್ ಮಾಡಿದ್ದರಿಂದ ಆಸೆ ಇತ್ತು. ಇಪ್ಪತ್ತನೇ ಸುತ್ತು ಮುಗಿಯಿತು. ಮಗ ಎದ್ದು ಹೋಗಿ ಗ್ಯಾರೇಜಿನ ಬಾಗಿಲು ತೆಗೆದ. ಅರ್ಧ ಗಂಟೆ ಬಲೆಗೆ ಚೆಂಡು ಬೀಳುವ ಸದ್ದು ಕೇಳುತ್ತಿತ್ತು.

2020ರ ಸೀಸನ್ ಹೋದದ್ದಕ್ಕೆ ಎನ್‌ಸಿಎಎ ಒಂದು ವರ್ಷ ಜಾಸ್ತಿ ಕೊಟ್ಟಿತ್ತು. ಅದನ್ನು ಡಿವಿಷನ್ ತ್ರೀಯಲ್ಲಿ ಕಳೆದರೆ ಉಪಯೋಗ ಇಲ್ಲ ಅನಿಸಿತು. ಅಲ್ಲಿ ಆಟಕ್ಕೆ ಸ್ಕಾಲರ್‌ಷಿಪ್ಪೂ ಇಲ್ಲ. ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸುವ ಆಟಗಾರರ ಪಟ್ಟಿಗೆ) ಹೆಸರು ಹಾಕಿ, ಮಾಸ್ಟರ್ಸ್‌ಗೆ ಅಂತ ಒಂದು ಡಿವಿಷನ್ ಒನ್ ಕಾಲೇಜಿಗೆ ಹೋದ. ಆಗ ಇಡೀ ಬೇಸ್‌ಬಾಲ್ ಟೀಮಿಗೆ 11.7 ಸ್ಕಾಲರ್‌ಷಿಪ್, ಅದನ್ನೇ ಎಲ್ಲರಿಗೂ ಹಂಚಬೇಕು. ನಮಗೆ ಫೀಸಿನ ಮೂರನೇ ಒಂದು ಭಾಗ ಸಿಕ್ಕಿತು. ಉಳಿದದ್ದಕ್ಕೆ ಸಾಲ, ಸುಮಾರು 19 ಸಾವಿರ. ಅಲ್ಲಿ 93-94 ಎಸೆದ. ಆದರೆ ಹೊಡೆತವೂ ತಿಂದ, ಇಆರ್‌ಎ 6ರ ಮೇಲೆ. 2023ರ ಡ್ರಾಫ್ಟಿನಲ್ಲೂ ಹೆಸರು ಬರಲಿಲ್ಲ.

ಸಂಘದಲ್ಲಿ ಆಗ ಎಲ್ಲರೂ ರಿಂಕು ಸಿಂಗ್, ದಿನೇಶ್ ಪಟೇಲ್ ಹೆಸರು ಹೇಳುತ್ತಿದ್ದರು. (ಈ ರಿಂಕು ಈಗಿನ ಕ್ರಿಕೆಟಿಗನಲ್ಲ.) ಬೇಸ್‌ಬಾಲ್ ಮುಟ್ಟಿರದ ಭಾರತದ ಹುಡುಗರು, 2008ರಲ್ಲಿ ಮಿಲಿಯನ್ ಡಾಲರ್ ಆರ್ಮ್ ಅನ್ನುವ ಎಸೆತದ ಸ್ಪರ್ಧೆಯಲ್ಲಿ ಮೊದಲೆರಡು ಸ್ಥಾನ ಪಡೆದು, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ಅವರಿಗೆ ಆಯ್ತು, ಇವನಿಗೆ ಯಾಕೆ ಆಗಲ್ಲ ಅನ್ನುವ ಸಮಾಧಾನದ ಮಾತು. ನನಗೆ ಮುಖ್ಯ ಅನಿಸಿದ್ದು ಬೇರೆ. ಇಬ್ಬರೂ ಜಾವೆಲಿನ್ ಎಸೆದವರು. ಜಾವೆಲಿನ್‌ನವರು ಹೇಗೆ ನಿಲ್ಲುತ್ತಾರೆ ನೋಡಿ. ಓಡಿ ಬಂದು ಮುಂಗಾಲು ಊರಿ ಗಕ್ಕನೆ ತಡೆಯುತ್ತಾರೆ. ಅದೇ ಕಾಲು, ಅದೇ ಮಂಡಿ.

ನನ್ನ ಮಗ ನೋಡುತ್ತಿದ್ದದ್ದು ಕುಮಾರ್ ರಾಕರ್ ಅನ್ನುವ ಪಿಚರ್ ಕಡೆಗೆ. ತಾಯಿಯ ಕಡೆಯಿಂದ ಭಾರತೀಯ. 2019ರಲ್ಲಿ ವ್ಯಾಂಡರ್‌ಬಿಲ್ಟ್‌ಗೆ ಆಡುವಾಗ ಡ್ಯೂಕ್ ವಿರುದ್ಧ 19 ಸ್ಟ್ರೈಕ್ ಔಟ್‌ಗಳ ನೋ ಹಿಟ್ಟರ್ ಎಸೆದವನು. 2021ರ ಡ್ರಾಫ್ಟಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 10ನೆಯವನಾಗಿ ಆರಿಸಿ, ಕೈಯ ಪರೀಕ್ಷೆ ನೋಡಿ ಸಹಿ ಹಾಕಲಿಲ್ಲ. ಅವನು ಫ್ರಾಂಟಿಯರ್ ಲೀಗಿಗೆ (ಮೇಜರ್ ಲೀಗ್ ತಂಡಗಳಿಗೆ ಸೇರದ ಸ್ವತಂತ್ರ ಲೀಗು) ಹೋಗಿ ಟ್ರೈ-ಸಿಟಿ ತಂಡಕ್ಕೆ ಆಡಿದ. 2022ರಲ್ಲಿ ಟೆಕ್ಸಸ್ ರೇಂಜರ್ಸ್ ಅವನನ್ನು 3ನೆಯವನಾಗಿ ತೆಗೆದುಕೊಂಡರು. "ಅಪ್ಪ, ಅಂಥವನೇ ಆ ಲೀಗಲ್ಲಿ ಆಡಿದ್ಮೇಲೆ ನನಗೇನು?" ಅಂದ ಮಗ. ಅವನೂ ಫ್ರಾಂಟಿಯರ್ ಲೀಗಿಗೆ ಹೋದ.

ಅಲ್ಲಿ ತಿಂಗಳಿಗೆ ಸಾವಿರ ಡಾಲರಿನ ಹತ್ತಿರ ಸಂಬಳ, ಸೀಸನ್ ನಡೆಯುವ ತಿಂಗಳು ಮಾತ್ರ. ಒಂದು ವಯಸ್ಸಾದ ದಂಪತಿಯ ಮನೆಯಲ್ಲಿ ಉಚಿತ ರೂಮು. ಅವರು ಇವನಿಗಾಗಿ ಬೇಳೆ ಸಾರು ಮಾಡಲು ಕಲಿತರು, ಹೆಂಡತಿ ವಿಡಿಯೋ ಕಾಲಿನಲ್ಲಿ ಒಗ್ಗರಣೆ ಹೇಳಿಕೊಟ್ಟಳು. ರಾತ್ರಿ ಪೂರ್ತಿ ಬಸ್, ಬೆಳಿಗ್ಗೆ ಹೋಟೆಲು, ಸಂಜೆ ಪಂದ್ಯ. ಚಳಿಗಾಲದಲ್ಲಿ ಮತ್ತೆ ನಮ್ಮ ಗ್ಯಾರೇಜು, ಜೊತೆಗೆ ಒಂದು ಕಂಪನಿಯಲ್ಲಿ ಪಾರ್ಟ್ ಟೈಮ್ ಡ್ರಾಯಿಂಗ್ ಕೆಲಸ. 2024ರಲ್ಲಿ ರಿಲೀವರ್ (ಪಂದ್ಯದ ನಡುವೆ ಬಂದು ಎಸೆಯುವವನು) ಆದ. ಒಂದೇ ಇನ್ನಿಂಗ್ಸ್, ಪೂರ್ತಿ ಜೋರು. ಇಲ್ಲಿ ಎಲ್ಲ ಕೂಡಿಬಂತು. 94-95, ಮುಟ್ಟಿದ್ದು 97. ಸುಮಾರು 28 ಇನ್ನಿಂಗ್ಸ್, 44 ಸ್ಟ್ರೈಕ್ ಔಟ್, ವಾಕ್ 11 ಇರಬೇಕು. 2019ರ 24 ವಾಕ್ ನೆನೆಸಿಕೊಳ್ಳಿ!

ನಾನು ಅಷ್ಟರಲ್ಲಿ ಮೇಜರ್ ಲೀಗಿನ 30 ತಂಡಗಳಿಗೂ ಅವನ ವಿಡಿಯೋ, ಟ್ರ್ಯಾಕ್‌ಮ್ಯಾನ್ (ಎಸೆತ ಅಳೆಯುವ ಯಂತ್ರ) ಅಂಕಿ ಕಳಿಸಿದ್ದೆ. ಒಂದು ಪುಟ, ಒಂದು ವಿಡಿಯೋ, ಮಾತು ಕಮ್ಮಿ. ನಾಲ್ಕು ಕಡೆಯಿಂದ ಉತ್ತರ ಬಂತು. ಆ ನಾಲ್ಕರಲ್ಲಿ ಒಂದು ತಂಡವೇ ಜುಲೈನಲ್ಲಿ ತೆಗೆದುಕೊಂಡದ್ದು. ಅದೇ ವರ್ಷದಿಂದ ಒಂದೊಂದು ತಂಡ ಮೈನರ್ ಲೀಗಿನಲ್ಲಿ (ತನ್ನ ಕೆಳಗಿನ ದರ್ಜೆಯ ಲೀಗುಗಳಲ್ಲಿ) ಇಟ್ಟುಕೊಳ್ಳಬಹುದಾದ ಆಟಗಾರರ ಸಂಖ್ಯೆ 180ರಿಂದ 165ಕ್ಕೆ ಇಳಿದಿತ್ತು. ಅಂಥ ವರ್ಷ ಜಾಗ ಸಿಕ್ಕಿತು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಬೋನಸ್ ಅಂತ ಬಂದದ್ದು ಎರಡು ಸಾವಿರದ ಹತ್ತಿರ. ಮೈನರ್ ಲೀಗಿನ ಕೆಳ ಹಂತವಾದ ಲೋ ಎಯಲ್ಲಿ ಆಗ ಸಂಬಳ ವರ್ಷಕ್ಕೆ 26-27 ಸಾವಿರ. 2023ರಲ್ಲಿ ಆಟಗಾರರ ಒಪ್ಪಂದ ಆಗುವ ಮೊದಲು ಅದರ ಅರ್ಧವೂ ಇರಲಿಲ್ಲ. ಮನೆ ಬಾಡಿಗೆ ತಂಡದ್ದು. ನಾವು ಒಂಬತ್ತು ವರ್ಷದಲ್ಲಿ ಹಾಕಿದ್ದು, ಕಾಲೇಜು ಫೀಸು ಬಿಟ್ಟು, 62-65 ಸಾವಿರ ಇರಬಹುದು. ಅದರಲ್ಲಿ ಗ್ಯಾರೇಜಿಗೆ ಹೋದದ್ದು ಏಳು ಸಾವಿರ ದಾಟುವುದಿಲ್ಲ. ವೇಗವೆಲ್ಲ ಆ ಏಳು ಸಾವಿರದಿಂದ ಬಂತು. ಮತ್ತೆ ಶುರು ಮಾಡುವುದಾದರೆ ಹದಿನಾರು ವರ್ಷದವರೆಗೆ ಟ್ರಾವೆಲ್ ಬಾಲಿಗೆ ಕಳಿಸುವುದೇ ಇಲ್ಲ.

ಅವನ ಮೊದಲ ಪಂದ್ಯ ಲೋ ಎ ಹಂತದ ಕೆರೊಲಿನಾ ಲೀಗಿನಲ್ಲಿ, ಆಗಸ್ಟ್. ನಾವಿಬ್ಬರೂ ಡ್ರೈವ್ ಮಾಡಿ ಹೋದೆವು. ಏಳನೇ ಇನ್ನಿಂಗ್ಸಿಗೆ ಬುಲ್‌ಪೆನ್ (ರಿಲೀವರ್‌ಗಳು ಮೈ ಬಿಸಿ ಮಾಡುವ ಜಾಗ) ಬಾಗಿಲು ತೆರೆಯಿತು. ಮೊದಲ ಬ್ಯಾಟರ್‌ಗೆ ಮೂರು ಬಾಲ್ (ಗುರಿಯಾಚೆ ಹೋದ ಎಸೆತ), ಒಂದು ಸ್ಟ್ರೈಕ್, ಇನ್ನೊಂದು ಬಾಲ್ ಆದರೆ ವಾಕ್. ಹೆಂಡತಿ ನನ್ನ ಮೊಣಕೈ ಹಿಡಿದಿದ್ದಳು. ನಾನು ಅವನ ಕೈ ನೋಡಲಿಲ್ಲ, ಮುಂಗಾಲು ನೋಡುತ್ತಿದ್ದೆ. ಮಂಡಿ ಬಗ್ಗಿ ಬಿತ್ತು, ನೆಟ್ಟಗಾಯಿತು. ಸ್ಕೋರ್‌ಬೋರ್ಡಿನಲ್ಲಿ 96. ಮುಂದಿನದು ಸಿಂಕರ್, ಬ್ಯಾಟ್ ಮುರಿದು ಚೆಂಡು ಶಾರ್ಟ್‌ಸ್ಟಾಪ್ ಫೀಲ್ಡರ್ ಕಡೆ ಉರುಳಿತು. ಔಟ್.

ಮೈಸೂರಿನಲ್ಲಿ ಆಗ ಬೆಳಗಿನ ಜಾವ ಆರು ಗಂಟೆ. ಅಮ್ಮ ಎದ್ದು ಟ್ಯಾಬಿನಲ್ಲಿ ನೋಡುತ್ತಿದ್ದರು. ಫೋನ್ ಬಂತು. "ತೊಂಬತ್ತಾರು ತೋರಿಸ್ತಲ್ಲೋ, ನಾನೇ ಓದ್ಬೇಕಿತ್ತು" ಅಂದರು.